ದಿಢೀರ್ ನೆಗೆತಕ್ಕೆ ಯಾವ ಗಣಿತ? ಕೆರೆ, ಪೇಟೆ, ಕರೆಂಟ್ ಲೈನ್ ಎದುರಿಗಿಟ್ಟುಕೊಂಡು ಒಂದು ಹೋಲಿಕೆ

ಉಣಕಲ್ ಕೆರೆಯ ಮೇಲೆ ಅಂತರಗಂಗೆ ಹಬ್ಬುವುದು, ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ದರ ನೆಲಕಚ್ಚುವುದು, ಬೇಸಿಗೆಯಲ್ಲಿ ಲೈನಿನ ತುದಿಯ ಪಂಪ್‌ಸೆಟ್ಟುಗಳು ಒಟ್ಟಿಗೇ ನಿಂತುಬಿಡುವುದು, ಬೆಣ್ಣಿಹಳ್ಳ ಒಂದೇ ರಾತ್ರಿಗೆ ನವಲಗುಂದದ ಹೊಲಗಳಿಗೆ ನುಗ್ಗುವುದು. ಗ್ರಾಫ್ ಹಾಕಿದರೆ ನಾಲ್ಕೂ ಒಂದೇ ಥರ ಕಾಣುತ್ತವೆ: ಬಹಳ ಹೊತ್ತು ಸಪಾಟು ಗೆರೆ, ಆಮೇಲೆ ಒಂದು ನೆಗೆತ. ಪ್ರಾಜೆಕ್ಟ್ ಬರೆಯುವ ಎಂಎಸ್ಸಿ ವಿದ್ಯಾರ್ಥಿಗಳಿಂದ ಹಿಡಿದು ಕೆರೆಯ ವರದಿ ಮಾಡುವ ಎಂಜಿನಿಯರುಗಳವರೆಗೆ ಬಹಳ ಜನ ಎಡವುವುದು ಇಲ್ಲೇ. ನೆಗೆತ ಕಂಡಕೂಡಲೇ ‘ಕ್ಯಾಟಸ್ಟ್ರೋಫಿ ಥಿಯರಿ’ (ನಿಧಾನದ ಒತ್ತಡಕ್ಕೆ ದಿಢೀರ್ ನೆಗೆಯುವ ವ್ಯವಸ್ಥೆಗಳ ಗಣಿತ) ಎಂದು ಹೆಸರಿಟ್ಟು ಮಡಿಚಿದ ಹಾಳೆಯ ಚಿತ್ರವೊಂದನ್ನು ಅಂಟಿಸಿಬಿಡುತ್ತಾರೆ. ಆದರೆ ನೆಗೆತ ಎಲ್ಲ ಮಾದರಿಗಳಲ್ಲೂ ಇದೆ, ಅದನ್ನು ನೋಡಿ ಮಾದರಿ ಆರಿಸಲು ಬರುವುದಿಲ್ಲ. ಆರಿಸಬೇಕಾದದ್ದು ವಾಪಸ್ ಬರುವ ದಾರಿ ನೋಡಿ.

ಹಾಗಾಗಿ ಮೊದಲ ಪ್ರಶ್ನೆ ಇದು. ಒತ್ತಡವನ್ನು, ಅಂದರೆ ಕೆರೆಗೆ ಬರುವ ಕೊಳಕಿನಂತೆ ವ್ಯವಸ್ಥೆಯನ್ನು ತಳ್ಳುವ ಅಂಶವನ್ನು, ನಿಧಾನವಾಗಿ ಹಿಂದೆಗೆದರೆ ವ್ಯವಸ್ಥೆ ಹೋದ ಜಾಗದಲ್ಲೇ ವಾಪಸಾಗುತ್ತದೆಯೇ, ಇನ್ನೂ ಬಹಳ ಹಿಂದೆ ಸರಿದ ಮೇಲೆ ವಾಪಸಾಗುತ್ತದೆಯೇ, ಅಥವಾ ವಾಪಸಾಗುವುದೇ ಇಲ್ಲವೇ? ಎರಡನೆಯದು, ಒತ್ತಡ ಯಾವುದೆಂದು ಗೊತ್ತಿದೆಯೇ, ಅದನ್ನು ಅಳೆದಿದ್ದೀರಾ? ಮೂರನೆಯದು, ನೆಗೆದದ್ದು ಒಂದು ವಸ್ತುವೋ, ಒಂದಕ್ಕೊಂದು ಜೋಡಿಸಿಕೊಂಡ ಸಾವಿರ ವಸ್ತುಗಳೋ? ಈ ಮೂರಕ್ಕೆ ಉತ್ತರ ಬರೆದಿಟ್ಟುಕೊಳ್ಳದೆ ಸಾಫ್ಟ್‌ವೇರ್ ತೆರೆಯಬೇಡಿ.

ಫೋಲ್ಡ್: ಕೆರೆಗೆ ಮೊದಲು ಇದನ್ನೇ ಹಾಕಿ ನೋಡಿ

ಒತ್ತಡ ಒಂದೇ ಇದ್ದು, ಹೋಗುವ ದಾರಿ ಮತ್ತು ಬರುವ ದಾರಿ ಬೇರೆ ಬೇರೆ ಇದ್ದರೆ ಫೋಲ್ಡ್ (ಮಡಿಕೆ) ಮಾದರಿ ಸಾಕು. ಆಳವಿಲ್ಲದ ಕೆರೆ ಇದಕ್ಕೆ ಹೇಳಿ ಮಾಡಿಸಿದ ಉದಾಹರಣೆ. ಚರಂಡಿ ನೀರಿನ ಜೊತೆ ರಂಜಕ (ಫಾಸ್ಫರಸ್) ಬರುತ್ತದೆ. ಒಂದಿಷ್ಟು ತೊಳೆದು ಹೋಗುತ್ತದೆ, ಒಂದಿಷ್ಟು ಹೂಳಿನಲ್ಲಿ ಕೂರುತ್ತದೆ. ನೀರು ಕೆಟ್ಟು ತಳದಲ್ಲಿ ಆಮ್ಲಜನಕ ಕಡಿಮೆಯಾದಾಗ ಹೂಳಿನಲ್ಲಿ ಕೂತದ್ದೇ ಮತ್ತೆ ನೀರಿಗೆ ಬಿಡುಗಡೆಯಾಗುತ್ತದೆ. ಈ ಮರುಬಿಡುಗಡೆಯೇ ನೆಗೆತದ ಮೂಲ. ಅಳತೆಗಳನ್ನು ಸರಳಗೊಳಿಸಿ ಬರೆದರೆ:

ರಂಜಕ ಏರುವ ವೇಗ = ಒಳಹರಿವು − ತೊಳೆತ × ರಂಜಕ + ರಂಜಕ² ÷ (1 + ರಂಜಕ²)

ಕಡೆಯ ಪದವೇ ಹೂಳಿನಿಂದ ಬರುವ ಮರುಬಿಡುಗಡೆ. ಇಷ್ಟು ಚಿಕ್ಕ ಸಮೀಕರಣದೊಳಗೆ ಮೂರು ಥರದ ಕೆರೆಗಳಿವೆ, ಯಾವುದು ಸಿಗುತ್ತದೆ ಎನ್ನುವುದು ತೊಳೆತದ ಸಂಖ್ಯೆಯ ಮೇಲೆ ನಿಂತಿದೆ. ತೊಳೆತ 0.65ಕ್ಕಿಂತ ಹೆಚ್ಚಿದ್ದರೆ ನೆಗೆತವೇ ಇಲ್ಲ, ಕೆರೆ ಮೆಲ್ಲಗೆ ಕೆಟ್ಟು ಮೆಲ್ಲಗೆ ಸುಧಾರಿಸುತ್ತದೆ. 0.5ರಿಂದ 0.65ರ ನಡುವೆ ಇದ್ದರೆ ನೆಗೆತವೂ ಇದೆ, ವಾಪಸಾತಿಯೂ ಇದೆ. 0.5ಕ್ಕಿಂತ ಕೆಳಗಿದ್ದರೆ ಒಮ್ಮೆ ಕೆಟ್ಟ ಕೆರೆ ಒಳಹರಿವನ್ನು ಸೊನ್ನೆಗೆ ತಂದರೂ ತಾನಾಗಿ ತಿಳಿಯಾಗುವುದಿಲ್ಲ. ನಡುವಿನ ಪಟ್ಟಿಯಲ್ಲೂ ವ್ಯತ್ಯಾಸ ದೊಡ್ಡದಿದೆ. ತೊಳೆತ 0.60 ಇದ್ದಾಗ ಒಳಹರಿವು 0.102 ದಾಟಿದರೆ ಕೆಡುತ್ತದೆ, 0.090ಕ್ಕೆ ಇಳಿಸಿದರೆ ವಾಪಸಾಗುತ್ತದೆ; ಚೂರು ಹಿಂದೆ ಸರಿದರೆ ಆಯಿತು. ತೊಳೆತ 0.52 ಇದ್ದಾಗ 0.074ಕ್ಕೇ ಕೆಡುತ್ತದೆ, ವಾಪಸಾಗಲು 0.020ರವರೆಗೆ ಇಳಿಸಬೇಕು. ಅಂದರೆ ಬರುತ್ತಿದ್ದ ಕೊಳಕಿನ ನಾಲ್ಕರಲ್ಲಿ ಮೂರು ಪಾಲು ತಡೆಯಬೇಕು. “ಚರಂಡಿಯ ಅರ್ಧ ನೀರು ತಿರುಗಿಸಿದೆವು, ಆದರೂ ಕೆರೆ ಹಾಗೇ ಇದೆ” ಎನ್ನುವ ದೂರಿನ ಹಿಂದೆ ಇದೇ ಲೆಕ್ಕ ಇರಬಹುದು. ಕೆಲಸ ಮಾಡಿದವರ ತಪ್ಪು ಹುಡುಕುವ ಮೊದಲು ಈ ಎರಡು ಮಿತಿಗಳ ನಡುವಿನ ದೂರ ಎಷ್ಟೆಂದು ನೋಡಬೇಕು.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು ಒಂದಿದೆ. ನೀರಿನ ರಂಜಕ ಮಾತ್ರ ಅಳೆದು ಹೂಳಿನದನ್ನು ಬಿಟ್ಟುಬಿಡುತ್ತಾರೆ. ಹೂಳು ಅಳೆಯದೆ ಮರುಬಿಡುಗಡೆಯ ಪದಕ್ಕೆ ಸಂಖ್ಯೆ ಸಿಗುವುದಿಲ್ಲ, ಆ ಪದವಿಲ್ಲದೆ ಫೋಲ್ಡ್ ಇಲ್ಲ. ಅಂತರಗಂಗೆಯದು ಮತ್ತೊಂದು ಸುತ್ತು: ಅದು ಮೇಲೆ ಹಬ್ಬಿ ಬೆಳಕು ತಡೆದರೆ ನೀರೊಳಗಿನ ಗಿಡ ಸಾಯುತ್ತದೆ, ನೀರೊಳಗಿನ ಗಿಡ ದಟ್ಟವಾಗಿದ್ದರೆ ನೀರಿನ ಸತ್ವ ಹೀರಿಕೊಂಡು ಅಂತರಗಂಗೆ ಹಬ್ಬಲು ಬಿಡುವುದಿಲ್ಲ. ಇದೂ ಎರಡು ಸ್ಥಿರ ನೆಲೆಗಳ ವ್ಯವಸ್ಥೆಯೇ, ಆದರೆ ಸಮೀಕರಣ ಬೇರೆ. ಎರಡನ್ನೂ ಒಂದೇ ಮಾದರಿಯಲ್ಲಿ ತುರುಕಬೇಡಿ.

ಕರೆಂಟ್ ಲೈನಿನ ವೋಲ್ಟೇಜ್ ಕುಸಿತವೂ ಫೋಲ್ಡೇ. ತುದಿಯ ಹಳ್ಳಿಗೆ ಹೋಗುವ ಲೈನಿನಲ್ಲಿ ಲೋಡ್ ಏರಿಸುತ್ತಾ ಹೋದರೆ ಒಂದು ಹಂತದ ಮೇಲೆ ಆ ಲೈನ್ ಇನ್ನು ಹೆಚ್ಚು ಶಕ್ತಿ ಕೊಡಲಾರದು. ಬರೀ ರೆಸಿಸ್ಟೆನ್ಸ್ ಇರುವ ಲೈನಾದರೆ ಆ ಹಂತ ಬರುವುದು ವೋಲ್ಟೇಜ್ ಅರ್ಧಕ್ಕೆ ಇಳಿದಾಗ. ಬರೀ ರಿಯಾಕ್ಟೆನ್ಸ್ (ಎಸಿ ಕರೆಂಟಿಗೆ ತಂತಿಯ ಕಾಂತಕ್ಷೇತ್ರ ಒಡ್ಡುವ ತಡೆ) ಇದ್ದು ಲೋಡಿನ ಪವರ್ ಫ್ಯಾಕ್ಟರ್ 1 ಇದ್ದರೆ ಶೇ 70.7ಕ್ಕೆ ಇಳಿದಾಗ. ಪಂಪ್‌ಸೆಟ್ ಮೋಟಾರು ಅಷ್ಟು ಹೊತ್ತು ಕಾಯುವುದೂ ಇಲ್ಲ. ಅದರ ಟಾರ್ಕ್ (ತಿರುಗಿಸುವ ಬಲ) ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿರುವುದರಿಂದ ವೋಲ್ಟೇಜ್ ಶೇ 70ಕ್ಕೆ ಬಿದ್ದರೆ ಟಾರ್ಕ್ ಶೇ 49ಕ್ಕೆ ಬೀಳುತ್ತದೆ. ಮೋಟಾರು ನಿಂತುಕೊಂಡು ಇನ್ನೂ ಹೆಚ್ಚು ಕರೆಂಟ್ ಎಳೆಯುತ್ತದೆ, ಪಕ್ಕದ ಹೊಲದ ಮೋಟಾರನ್ನೂ ಕೆಳಗೆಳೆಯುತ್ತದೆ. ಕೆಪಾಸಿಟರ್ ಕೂರಿಸಿದ ಲೈನಿನಲ್ಲಿ ಒಂದು ಎಚ್ಚರ ಬೇಕು. ಅದು ಮಿತಿಯನ್ನು ಮೇಲಕ್ಕೆತ್ತುತ್ತದೆ ನಿಜ, ಆದರೆ ಮಿತಿಯ ಹತ್ತಿರದ ವೋಲ್ಟೇಜನ್ನೂ ಮೇಲಕ್ಕೆತ್ತುತ್ತದೆ. ಮೀಟರಿನಲ್ಲಿ ವೋಲ್ಟೇಜ್ ಚೆನ್ನಾಗಿ ಕಾಣುತ್ತಿರುವಾಗಲೇ ಲೈನ್ ಅಂಚಿಗೆ ಬಂದಿರಬಹುದು.

ಕಸ್ಪ್: ಒತ್ತಡ ಎರಡಿದ್ದಾಗ

ಕ್ಯಾಟಸ್ಟ್ರೋಫಿ ಥಿಯರಿ ಕಟ್ಟಿದ ಫ್ರಾನ್ಸಿನ ಗಣಿತಜ್ಞ ರೆನೆ ಥಾಮ್ 1972ರಲ್ಲಿ ಪ್ರಕಟಿಸಿದ ಕೆಲಸದ ತಿರುಳು ಇಷ್ಟು: ಗುಂಡು ತಗ್ಗಿಗೆ ಉರುಳುವಂತೆ ವ್ಯವಸ್ಥೆ ಯಾವುದೋ ಒಂದು ವಿಭವವನ್ನು (ಪೊಟೆನ್ಷಿಯಲ್) ಕನಿಷ್ಠಗೊಳಿಸುತ್ತಿದ್ದು, ಒತ್ತಡಗಳು ನಾಲ್ಕಕ್ಕಿಂತ ಹೆಚ್ಚಿಲ್ಲದಿದ್ದರೆ, ನೆಗೆತದ ಮೂಲ ರೂಪಗಳು ಏಳೇ. ಮೊದಲನೆಯದು ಫೋಲ್ಡ್, ಎರಡನೆಯದು ಕಸ್ಪ್, ಅಂದರೆ ಚೂಪು. ಉಳಿದ ಐದು ನಮ್ಮ ಬಗೆಯ ಕೆಲಸದಲ್ಲಿ ಹೆಚ್ಚುಕಡಿಮೆ ಬೇಕಾಗುವುದಿಲ್ಲ.

ಕಸ್ಪ್‌ನ ಸಮೀಕರಣ: ಸ್ಥಿತಿ ಬದಲಾಗುವ ವೇಗ = ಅ + ಬ × ಸ್ಥಿತಿ − ಸ್ಥಿತಿ³. ಇಲ್ಲಿ ‘ಅ’ ತಳ್ಳುವ ಒತ್ತಡ, ‘ಬ’ ಸೀಳುವ ಒತ್ತಡ. 27ಅ² ಎನ್ನುವುದು 4ಬ³ಕ್ಕಿಂತ ಕಡಿಮೆ ಇರುವಲ್ಲಿ ಎರಡು ನೆಲೆಗಳು, ಉಳಿದ ಕಡೆ ಒಂದೇ. ‘ಬ’ವನ್ನು 3ಕ್ಕೆ ಹಿಡಿದಿಟ್ಟು ‘ಅ’ ಏರಿಸುತ್ತಾ ಹೋಗಿ. ‘ಅ’ 2 ಮುಟ್ಟಿದಾಗ ಸ್ಥಿತಿ −1ರಿಂದ ಒಮ್ಮೆಲೇ +2ಕ್ಕೆ ನೆಗೆಯುತ್ತದೆ. ಈಗ ‘ಅ’ ಇಳಿಸಿ. ಸೊನ್ನೆಗೆ ಬಂದರೂ ವಾಪಸಾಗುವುದಿಲ್ಲ, −2ಕ್ಕೆ ಇಳಿದಾಗ ಮಾತ್ರ +1ರಿಂದ −2ಕ್ಕೆ ಬೀಳುತ್ತದೆ. ‘ಬ’ ಸೊನ್ನೆ ಅಥವಾ ಋಣವಾದರೆ ನೆಗೆತವೇ ಇರುವುದಿಲ್ಲ. ಫೋಲ್ಡ್‌ಗೂ ಕಸ್ಪ್‌ಗೂ ಇರುವ ನಿಜವಾದ ವ್ಯತ್ಯಾಸ ಇದೇ: ನೆಗೆತವನ್ನು ನಯವಾದ ಬದಲಾವಣೆಯಾಗಿ ಮಾರ್ಪಡಿಸುವ ಎರಡನೇ ಹಿಡಿಕೆಯೊಂದು ಕಸ್ಪ್‌ನಲ್ಲಿದೆ. ಆ ಹಿಡಿಕೆ ಯಾವುದೆಂದು ಬೆರಳು ಮಾಡಿ ತೋರಿಸಲಾಗದಿದ್ದರೆ ಫೋಲ್ಡ್‌ನಲ್ಲೇ ಉಳಿಯಿರಿ.

ಕಸ್ಪ್ ಕೈಗೆ ಸಿಗಬೇಕೆಂದರೆ ಬ್ರಿಟನ್ನಿನ ಗಣಿತಜ್ಞ ಕ್ರಿಸ್ಟೋಫರ್ ಝೀಮನ್ ರೂಪಿಸಿದ ಯಂತ್ರವನ್ನು ಕಟ್ಟಿ ನೋಡಬೇಕು. ಸ್ಟೇಷನರಿ ಅಂಗಡಿಯ ಸಾಮಾನು ಸಾಕು. ದಪ್ಪ ರಟ್ಟಿನಲ್ಲಿ 6 ಸೆಂ.ಮೀ. ವ್ಯಾಸದ ಬಿಲ್ಲೆ ಕತ್ತರಿಸಿ. ನಡುವೆ ಗುಂಡುಪಿನ್ ಚುಚ್ಚಿ ಹಲಗೆಗೆ ಕೂರಿಸಿ. ಬಿಲ್ಲೆಯ ಕೆಳಗೆ ಒಂದು ವಾಷರ್ ಇಟ್ಟರೆ ಸಲೀಸಾಗಿ ತಿರುಗುತ್ತದೆ. ಬಿಲ್ಲೆಯ ಅಂಚಿನಲ್ಲಿ ಒಂದು ಮೊಳೆ ಮೇಲ್ಮುಖವಾಗಿ ನಿಲ್ಲಿಸಿ. ಎಳೆಯದೆ ಚಪ್ಪಟೆ ಇಟ್ಟಾಗ 6 ಸೆಂ.ಮೀ. ಉದ್ದ ಬರುವ ಒಂದೇ ಥರದ ಎರಡು ರಬ್ಬರ್ ಬ್ಯಾಂಡುಗಳನ್ನು ಆ ಮೊಳೆಗೆ ಸಿಕ್ಕಿಸಿ. ಒಂದರ ಇನ್ನೊಂದು ತುದಿಯನ್ನು ನಡುವಿನ ಪಿನ್ನಿನಿಂದ 12 ಸೆಂ.ಮೀ. ದೂರದಲ್ಲಿ ಹಲಗೆಗೆ ಬಿಗಿಯಿರಿ. ಎರಡನೆಯದರ ತುದಿಗೆ ಪೆನ್ಸಿಲ್ ಸಿಕ್ಕಿಸಿ, ಬಿಗಿದ ತುದಿಯ ಎದುರುಬದಿಯಲ್ಲಿ ಕೈಯಲ್ಲಿ ಹಿಡಿಯಿರಿ.

ಈ ಅಳತೆಗೆ ಲೆಕ್ಕ ಹಾಕಿದರೆ, ಬಿಗಿದ ತುದಿಯಿಂದ ಪಿನ್ನಿನ ಮೂಲಕ ಹಾಯುವ ನಡುಗೆರೆಯ ಮೇಲೆ, ಪೆನ್ಸಿಲಿನ ಬದಿಗೆ, ಪಿನ್ನಿನಿಂದ 8.4 ಸೆಂ.ಮೀ.ಗೆ ಒಂದು ಚೂಪು, 14.7 ಸೆಂ.ಮೀ.ಗೆ ಇನ್ನೊಂದು ಚೂಪು. ಇವೆರಡರ ನಡುವೆ ಶಂಕರಪೋಳಿಯಾಕಾರದ, ಬದಿಗಳು ಒಳಬಾಗಿದ ಒಂದು ಜಾಗವಿದೆ. ಪೆನ್ಸಿಲನ್ನು ಅದರ ಮೂಲಕ ಎಡದಿಂದ ಬಲಕ್ಕೆ ಮೆಲ್ಲಗೆ ಎಳೆಯಿರಿ. ಒಳಗೆ ಹೋಗುವಾಗ ಏನೂ ಆಗುವುದಿಲ್ಲ. ಹೊರಗೆ ಬರುವಾಗ ಬಿಲ್ಲೆ ಟಪ್ಪನೆ ತಿರುಗುತ್ತದೆ. ನೆಗೆದ ಜಾಗಕ್ಕೆ ಚುಕ್ಕೆ ಇಡಿ. ಬಲದಿಂದ ಎಡಕ್ಕೆ ಎಳೆದರೆ ಚುಕ್ಕೆ ಎದುರಂಚಿನಲ್ಲಿ ಬೀಳುತ್ತದೆ. ಮೂವತ್ತು ನಲವತ್ತು ಚುಕ್ಕೆ ಇಟ್ಟರೆ ಶಂಕರಪೋಳಿ ಕಾಗದದ ಮೇಲೆ ಮೂಡುತ್ತದೆ. ಚೂಪಿನ ಹೊರಗಿನಿಂದ ಸುತ್ತುಹಾಕಿ ಹೋದರೆ ಅದೇ ಎರಡು ನೆಲೆಗಳ ನಡುವೆ ನೆಗೆತವಿಲ್ಲದೆ ಹೋಗಿಬರಬಹುದು. ನೆಗೆತ ಕಾಣದಿದ್ದರೆ ಕಾರಣ ಸಾಮಾನ್ಯವಾಗಿ ಬಿಲ್ಲೆಯ ಉಜ್ಜಾಟ, ವಾಷರ್ ನೋಡಿ. ಚುಕ್ಕೆಗಳು ಒಂದು ಬದಿಗೆ ವಾಲಿದ್ದರೆ ಬಿಗಿದ ತುದಿ, ನಡುವಿನ ಪಿನ್ ಮತ್ತು ನಡುಗೆರೆ ಒಂದೇ ಸಾಲಿನಲ್ಲಿಲ್ಲ. ಬ್ಯಾಂಡ್ ಪಿನ್ನಿನ ತಲೆಗೆ ತಗಲುತ್ತಿದ್ದರೆ ಅಂಚಿನ ಮೊಳೆ ಇನ್ನಷ್ಟು ಎತ್ತರವಾಗಬೇಕು.

ಈ ಯಂತ್ರ ಇಷ್ಟು ಚೆನ್ನಾಗಿ ನಡೆಯಲು ಕಾರಣ ರಬ್ಬರಿನಲ್ಲಿ ನಿಜವಾಗಿಯೂ ಒಂದು ವಿಭವ ಇದೆ ಎನ್ನುವುದು. ಮನುಷ್ಯರ ಸಿಟ್ಟಿಗೆ ಅಂಥದ್ದು ಇದೆಯೇ? ಝೀಮನ್ ಮತ್ತು ಸಂಗಡಿಗರು 1972ರ ಇಂಗ್ಲೆಂಡಿನ ಗಾರ್ಟ್ರೀ ಜೈಲಿನ ಗಲಭೆಗಳಿಗೆ ಕಸ್ಪ್ ಹಾಕಿದರು. 1970ರ ದಶಕದ ಕೊನೆಯ ಹೊತ್ತಿಗೆ ಗಣಿತಜ್ಞರಾದ ಹೆಕ್ಟರ್ ಸಸ್‌ಮನ್ ಮತ್ತು ರಾಫೆಲ್ ಜಾಲರ್ ಇಂಥ ಬಳಕೆಗಳನ್ನು ಕಟುವಾಗಿ ಟೀಕಿಸಿದರು, ಆ ಟೀಕೆಯಲ್ಲಿ ಹುರುಳಿತ್ತು. 2024ರ ಮಾರ್ಚ್‌ನಲ್ಲಿ ಬ್ಯಾಡಗಿ ಎಪಿಎಂಸಿಯಲ್ಲಿ ದರ ಕುಸಿದಾಗ ರೈತರ ನೋವು ಬೆಂಕಿಯಾಗಿ ಹೊರಬಿತ್ತು. ಅದಕ್ಕೊಂದು ಕಸ್ಪ್ ಬರೆಯಬೇಕೆನಿಸುವುದು ಸಹಜ. ಬರೆಯಬೇಡಿ. ಒಂದೇ ಒಂದು ಘಟನೆಯಿಂದ ಎರಡು ಒತ್ತಡಗಳನ್ನೂ ಒಂದು ಮೇಲ್ಮೈಯನ್ನೂ ಅಂದಾಜಿಸಲು ಆಗದು. ವರ್ಷವಿಡೀ ದುಡಿದವರ ಸಂಕಟವನ್ನು ಆಧಾರವಿಲ್ಲದ ಚಿತ್ರವೊಂದಕ್ಕೆ ಇಳಿಸಿದಂತೆಯೂ ಆಗುತ್ತದೆ.

ದರಪಟ್ಟಿಗೆ: ಚೇಂಜ್ ಪಾಯಿಂಟ್

ಒತ್ತಡ ಯಾವುದೆಂದೇ ಗೊತ್ತಿಲ್ಲ, ಕೈಯಲ್ಲಿರುವುದು ಬರೀ ದರಗಳ ಸಾಲು ಎಂದಾದರೆ ಕಾರಣ ಹೇಳುವ ಮಾದರಿಯ ಆಸೆ ಬಿಡಿ. ‘ಯಾವಾಗ ಬದಲಾಯಿತು’ ಎಂದಷ್ಟೇ ಹೇಳುವ ವಿಧಾನ ಸಾಕು. ಸಂಖ್ಯಾಶಾಸ್ತ್ರಜ್ಞ ಇ. ಎಸ್. ಪೇಜ್ 1954ರಲ್ಲಿ ಕೊಟ್ಟ ಕುಸಮ್ (CUSUM, ಕೂಡಿಸುತ್ತಾ ಹೋಗುವ ಮೊತ್ತ) ಇವತ್ತಿಗೂ ನಂಬಿಗಸ್ತ. ಸರಾಸರಿಯಿಂದ ಎಷ್ಟು ಸರಿದಿದೆಯೋ ಅದರಲ್ಲಿ ಅರ್ಧ ಸಿಗ್ಮಾ (ಸಿಗ್ಮಾ ಎಂದರೆ ಮಾಮೂಲಿ ಏರಿಳಿತದ ಅಳತೆ, ಸ್ಟ್ಯಾಂಡರ್ಡ್ ಡೀವಿಯೇಷನ್) ಕಳೆದು ಕೂಡಿಸುತ್ತಾ ಹೋಗುವುದು, ಮೊತ್ತ ಸೊನ್ನೆಗಿಂತ ಕೆಳಗಿಳಿದರೆ ಸೊನ್ನೆ ಎಂದಿಟ್ಟುಕೊಳ್ಳುವುದು, 4 ಅಥವಾ 5 ಸಿಗ್ಮಾ ದಾಟಿದರೆ ಗಂಟೆ ಬಾರಿಸುವುದು. ಕೆಳಮುಖದ ಸರಿತಕ್ಕೆ ಇದೇ ಥರ ಇನ್ನೊಂದು ಮೊತ್ತ. ಮಿತಿ 4 ಇಟ್ಟರೆ ಸುಳ್ಳು ಗಂಟೆ ಸರಾಸರಿ 168 ಅಳತೆಗೊಮ್ಮೆ, 5 ಇಟ್ಟರೆ 465ಕ್ಕೊಮ್ಮೆ. ಬ್ಯಾಡಗಿಯಲ್ಲಿ ಟೆಂಡರ್ ಸೋಮವಾರ ಮತ್ತು ಗುರುವಾರ. ವರ್ಷಕ್ಕೆ ನೂರರ ಆಸುಪಾಸು. ಹಾಗಾಗಿ 4ಕ್ಕೆ ಒಂದೂವರೆ ವರ್ಷಕ್ಕೊಂದು ಸುಳ್ಳು ಗಂಟೆ, 5ಕ್ಕೆ ನಾಲ್ಕೂವರೆ ವರ್ಷಕ್ಕೊಂದು. ಒಂದು ಸಿಗ್ಮಾದಷ್ಟು ನಿಜವಾದ ಕುಸಿತ ಹಿಡಿಯಲು ಮೊದಲನೆಯದಕ್ಕೆ ಸುಮಾರು 8 ಟೆಂಡರ್, ಎರಡನೆಯದಕ್ಕೆ 10. ಎರಡೇ ಟೆಂಡರ್ ತಡವಾಗುವುದಕ್ಕೆ ಮೂರು ಪಟ್ಟು ನಂಬಿಕೆ ಸಿಗುತ್ತದೆ, ಹಾಗಾಗಿ 5ನ್ನೇ ಇಡಿ.

ಆದರೆ ಈ ಸಂಖ್ಯೆಗಳು ಅಳತೆಗಳು ಒಂದಕ್ಕೊಂದು ಅಂಟಿಕೊಂಡಿಲ್ಲ ಎಂಬ ಷರತ್ತಿನ ಮೇಲೆ ನಿಂತಿವೆ. ದರ ಅಂಟಿಕೊಂಡೇ ಇರುತ್ತದೆ. ಸೋಮವಾರದ ದರದ ನೆರಳು ಗುರುವಾರದ ಮೇಲೆ ಬಿದ್ದೇ ಬೀಳುತ್ತದೆ. ಮೊದಲು ಲಾಗರಿದಮ್ ತೆಗೆದು, ಹಿಂದಿನ ಟೆಂಡರಿನ ಪ್ರಭಾವ ಕಳೆದು, ಉಳಿಕೆಯ ಮೇಲೆ ಕುಸಮ್ ನಡೆಸಿ. ಬರೀ ವ್ಯತ್ಯಾಸ ತೆಗೆದರೆ ಮಟ್ಟದ ಕುಸಿತ ಒಂದೇ ಒಂದು ಮುಳ್ಳಾಗಿ ಕಂಡು ಕೈತಪ್ಪುತ್ತದೆ.

ಇನ್ನೊಂದು ಬಲೆ, ಇದರಲ್ಲಿ ಬೀಳದವರು ಕಡಿಮೆ. ದರಗಳ ಹಿಸ್ಟೋಗ್ರಾಮಿನಲ್ಲಿ ಎರಡು ಗುಡ್ಡೆ ಕಂಡವೆಂದು “ಎರಡು ಸ್ಥಿರ ನೆಲೆಗಳಿವೆ” ಎಂದು ಬರೆಯುವುದು. ಡಬ್ಬಿ, ಕಡ್ಡಿ, ಗುಂಟೂರು ಮೂರೂ ತಳಿಗಳನ್ನು ಒಂದೇ ಪಟ್ಟಿಗೆ ಸುರಿದರೆ ಗುಡ್ಡೆಗಳು ಬಂದೇ ಬರುತ್ತವೆ. ಹೊಸ ಮಾಲು ಮತ್ತು ಕೋಲ್ಡ್ ಸ್ಟೋರೇಜಿನ ಹಳೆ ಮಾಲು ಬೆರೆತರೂ ಬರುತ್ತವೆ. ತಳಿ ಬೇರ್ಪಡಿಸಿ, ಮಾಲು ಬೇರ್ಪಡಿಸಿ, ಆಮೇಲೂ ಗುಡ್ಡೆ ಎರಡಿದ್ದರೆ ಮಾತಾಡೋಣ.

ತಳ್ಳಿದವರಿಲ್ಲದೆ ನೆಗೆದರೆ

ಒತ್ತಡ ಮಿತಿ ಮುಟ್ಟಿಲ್ಲ, ಆದರೂ ನೆಗೆಯಿತು. ಇದಕ್ಕೆ ಎರಡು ವಿವರಣೆಗಳಿವೆ. ಒಂದು, ಆಕಸ್ಮಿಕ ಏರಿಳಿತಗಳೇ ವ್ಯವಸ್ಥೆಯನ್ನು ದಿಣ್ಣೆ ದಾಟಿಸಿದವು. ಹಾಲೆಂಡಿನ ಭೌತವಿಜ್ಞಾನಿ ಹೆನ್ರಿಕ್ ಕ್ರಾಮರ್ಸ್ 1940ರಲ್ಲಿ ಕೊಟ್ಟ ಸೂತ್ರದಲ್ಲಿ ಕಾಯುವ ಸಮಯ ಏರಿಳಿತದ ಗಾತ್ರದ ಮೇಲೆ ಭಯಂಕರವಾಗಿ ಅವಲಂಬಿಸಿದೆ. ಮೇಲಿನ ಕಸ್ಪ್‌ನಲ್ಲೇ ‘ಅ’ 0, ‘ಬ’ 1 ಇಟ್ಟು ಲೆಕ್ಕ ಹಾಕಿ: ಏರಿಳಿತದ ಬಲ 0.5 ಇದ್ದರೆ ಸರಾಸರಿ 33 ಕಾಲಮಾನಕ್ಕೊಂದು ನೆಗೆತ (ಕಾಲಮಾನ ಎಂದರೆ ಸಮೀಕರಣದಲ್ಲಿ ಸಮಯದ ಒಂದು ಏಕಮಾನ). ಅದನ್ನು ಅರ್ಧಕ್ಕೆ, 0.25ಕ್ಕೆ ಇಳಿಸಿದರೆ 13,000ಕ್ಕೊಂದು. ಹೀಗಾಗಿ ಏರಿಳಿತದ ಅಂದಾಜು ಸ್ವಲ್ಪ ತಪ್ಪಿದರೂ ‘ಇನ್ನೆಷ್ಟು ವರ್ಷ’ ಎಂಬ ಉತ್ತರಕ್ಕೆ ಬೆಲೆಯಿಲ್ಲ. ಎರಡನೆಯ ವಿವರಣೆ, ಒತ್ತಡ ಮಿತಿ ದಾಟದಿದ್ದರೂ ಅದು ಬದಲಾದ ವೇಗ ಹೆಚ್ಚಾಯಿತು, ವ್ಯವಸ್ಥೆ ಜೊತೆಗೆ ಓಡಲಾರದೆ ಹಿಂದೆ ಬಿತ್ತು. ಗಣಿತಜ್ಞ ಪೀಟರ್ ಆಶ್ವಿನ್ ಮತ್ತು ಸಂಗಡಿಗರು 2012ರಲ್ಲಿ ಈ ಬಗೆಗಳನ್ನು ಬೇರೆ ಬೇರೆಯಾಗಿ ಹೆಸರಿಸಿದರು.

ಮುನ್ಸೂಚನೆ ಹುಡುಕುವವರಿಗೆ ಇದು ಬಹಳ ಮುಖ್ಯ. ಫೋಲ್ಡ್ ಹತ್ತಿರವಾದಂತೆ ವ್ಯವಸ್ಥೆ ಚೇತರಿಸಿಕೊಳ್ಳುವುದು ನಿಧಾನವಾಗುತ್ತದೆ, ಇಂದಿನ ಅಳತೆಗೂ ನಾಳೆಯ ಅಳತೆಗೂ ಸಂಬಂಧ ಬಲವಾಗುತ್ತದೆ. ಚೇತರಿಕೆಯ ದರ ದಿನಕ್ಕೆ 0.7 ಇದ್ದಾಗ ದಿನದಿನದ ಅಳತೆಗಳ ಸಹಸಂಬಂಧ 0.50, ದರ 0.1ಕ್ಕೆ ಇಳಿದಾಗ 0.90. ಅದೇ ಕೆರೆಯನ್ನು ವಾರಕ್ಕೊಮ್ಮೆ ಅಳೆದರೆ ಆ ಸಂಖ್ಯೆಗಳು ಸುಮಾರು 0.01 ಮತ್ತು 0.50. ತಿಂಗಳಿಗೊಮ್ಮೆ ಅಳೆದರೆ ಮುನ್ಸೂಚನೆ ಹೆಚ್ಚುಕಡಿಮೆ ಅಳಿಸಿಹೋಗುತ್ತದೆ. ಮಿತಿಯಿಂದ ದೂರವಿರುವಾಗಲೇ ಏರಿಳಿತ ತಳ್ಳಿದ ನೆಗೆತಕ್ಕೆ ಈ ಸೂಚನೆ ಬರುವುದೇ ಇಲ್ಲ. ಸೂಚನೆ ಕಾಣಲಿಲ್ಲ ಎಂದು ಯಾರಿಗೂ ಧೈರ್ಯ ಹೇಳಬೇಡಿ.

ಬೆಣ್ಣಿಹಳ್ಳಕ್ಕೆ ಮಿತಿ, ಗ್ರಿಡ್‌ಗೆ ಜಾಲ

ಎರಿ ಭೂಮಿ ಒಣಗಿ ಬಿರುಕು ಬಿಟ್ಟಾಗ ಮೊದಲ ಮಳೆಯನ್ನು ಗಟಗಟ ಕುಡಿಯುತ್ತದೆ. ಹಸಿಯಾಗಿ ಉಬ್ಬಿ ಬಿರುಕು ಮುಚ್ಚಿದ ಮೇಲೆ ನೀರು ಇಂಗುವುದು ಬಹಳ ಕಡಿಮೆ, ಬಿದ್ದದ್ದೆಲ್ಲ ಹಳ್ಳಕ್ಕೆ. ಎರಡನೇ ಮಳೆಗೆ ಬೆಣ್ಣಿಹಳ್ಳ ಉಕ್ಕುವುದರಲ್ಲಿ ನೆಗೆತವಿದೆ, ಆದರೆ ಎರಡು ನೆಲೆಗಳಿಲ್ಲ. ಮಳೆ ನಿಂತರೆ ಹಳ್ಳ ಇಳಿಯುತ್ತದೆ. ಇಲ್ಲಿ ಕ್ಯಾಟಸ್ಟ್ರೋಫಿ ಬೇಡ. ಮಣ್ಣಿನ ತೇವವನ್ನು ನೆನಪಿಟ್ಟುಕೊಳ್ಳುವ ಒಂದು ಪಾತ್ರೆ, ಅದು ತುಂಬಿದರೆ ಚೆಲ್ಲುವ ಒಂದು ಮಿತಿ, ಇಷ್ಟು ಸಾಕು. ಟಾಕಿಯ ಫ್ಲೋಟ್ ಸ್ವಿಚ್ಚಿನಂತೆ ನಿಜವಾದ ಸ್ವಿಚ್ಚೇ ಇರುವಲ್ಲೂ ಅಷ್ಟೇ. ಆನ್ ಮಟ್ಟ ಒಂದು, ಆಫ್ ಮಟ್ಟ ಇನ್ನೊಂದು ಎಂದು ನೇರವಾಗಿ ಬರೆಯಿರಿ, ನಯವಾದ ಸಮೀಕರಣದಲ್ಲಿ ಅದನ್ನು ಅಡಗಿಸಬೇಡಿ. ಎರಡೂ ಮಟ್ಟ ಒಂದೇ ಇಟ್ಟರೆ ಮೋಟಾರಿನಲ್ಲೂ ಗಣಕದಲ್ಲೂ ಆನ್‌ಆಫ್ ಪಟಪಟ ಶುರುವಾಗುತ್ತದೆ.

ಸಾವಿರ ಘಟಕಗಳ ಜಾಲಕ್ಕೆ ಪರ್ಕೋಲೇಶನ್, ಅಂದರೆ ಕೊಂಡಿಗಳು ಎಷ್ಟಾದರೆ ಇಡೀ ಜಾಲ ಒಂದಾಗುತ್ತದೆ ಎಂದು ನೋಡುವ ಗಣಿತ. ಯಾದೃಚ್ಛಿಕ ಜಾಲದಲ್ಲಿ ಪ್ರತಿ ಗಂಟಿಗೆ ಸರಾಸರಿ ಒಂದು ಕೊಂಡಿ ದಾಟಿದ ಕೂಡಲೇ ಒಂದು ದೈತ್ಯ ಗುಂಪು ಹುಟ್ಟುತ್ತದೆ ಎಂದು ಗಣಿತಜ್ಞರಾದ ಎರ್ಡಿಶ್ ಮತ್ತು ರೇನ್ಯಿ 1960ರ ಸುಮಾರಿಗೆ ತೋರಿಸಿದರು. ಆದರೆ ಆ ಗುಂಪು ಸೊನ್ನೆಯಿಂದ ಬೆಳೆಯುತ್ತದೆ, ನೆಗೆಯುವುದಿಲ್ಲ. ಎರಡು ಜಾಲಗಳು ಒಂದನ್ನೊಂದು ನೆಚ್ಚಿಕೊಂಡಿದ್ದಾಗ, ಕರೆಂಟ್ ಗ್ರಿಡ್ ಮತ್ತು ಅದನ್ನು ನಿಯಂತ್ರಿಸುವ ಸಂಪರ್ಕ ಜಾಲದ ಹಾಗೆ, ಕುಸಿತ ನಿಜಕ್ಕೂ ದಿಢೀರ್ ಆಗುತ್ತದೆ. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತದಿಂದ ಈಶಾನ್ಯದವರೆಗೆ ಗ್ರಿಡ್ ಕುಸಿದು ಎರಡನೇ ದಿನ 60 ಕೋಟಿಗೂ ಹೆಚ್ಚು ಜನ ಇರುವ ಪ್ರದೇಶ ಕತ್ತಲಾದಾಗ ನಮ್ಮ ಕಡೆ ದೀಪ ಆರಲಿಲ್ಲ, ಏಕೆಂದರೆ ದಕ್ಷಿಣದ ಗ್ರಿಡ್ ಆಗ ಅದರ ಜೊತೆ ಒಂದೇ ತಾಳದಲ್ಲಿ ಓಡುತ್ತಿರಲಿಲ್ಲ. ರಾಯಚೂರು–ಸೊಲ್ಲಾಪುರ 765 ಕೆವಿ ಲೈನ್ ಮೂಲಕ ಜೋಡಣೆಯಾದದ್ದು 2013ರ ಡಿಸೆಂಬರ್ 31ರಂದು. ಈಗ ಗದಗಿನ ಗಾಳಿಯಂತ್ರಗಳ ಲೆಕ್ಕ ಮಾಡುವವರು ಸ್ಥಳೀಯ ಲೈನಿಗೆ ಫೋಲ್ಡ್, ಇಡೀ ಗ್ರಿಡ್‌ಗೆ ಜಾಲ, ಹೀಗೆ ಎರಡನ್ನೂ ಇಟ್ಟುಕೊಳ್ಳಬೇಕು.

ಗಣಕದಲ್ಲಿ ಓಡಿಸುವಾಗ

ಒತ್ತಡದ ಪ್ರತಿ ಹೆಜ್ಜೆಗೂ ಲೆಕ್ಕವನ್ನು ಸೊನ್ನೆಯಿಂದ ಶುರು ಮಾಡಿದರೆ ಹೋಗುವ ದಾರಿ, ಬರುವ ದಾರಿ ಒಂದೇ ಆಗಿ ಕಾಣುತ್ತವೆ, ಹಿಸ್ಟೆರಿಸಿಸ್ (ಎರಡು ದಾರಿಗಳ ನಡುವಿನ ಆ ವ್ಯತ್ಯಾಸ) ಮಾಯವಾಗುತ್ತದೆ. ಹಿಂದಿನ ಹೆಜ್ಜೆಯ ಕೊನೆಯ ಸ್ಥಿತಿಯಿಂದಲೇ ಮುಂದಿನದನ್ನು ಶುರು ಮಾಡಿ. ಮೇಲಕ್ಕೆ ಒಂದು ಸುತ್ತು, ಕೆಳಕ್ಕೆ ಒಂದು ಸುತ್ತು. ಮಿತಿಯ ಹತ್ತಿರ ಆತುರ ಬೇಡ. ‘ಬ’ 3 ಇರುವ ಕಸ್ಪ್‌ನಲ್ಲಿ ‘ಅ’ 2.01 ಇದ್ದರೆ ಇಕ್ಕಟ್ಟು ದಾಟಲು ಸುಮಾರು 18 ಕಾಲಮಾನ ಬೇಕು, 2.0001 ಇದ್ದರೆ 181. ನೂರಕ್ಕೇ ಲೆಕ್ಕ ನಿಲ್ಲಿಸಿದರೆ 2.0001ರಲ್ಲಿ ವ್ಯವಸ್ಥೆ ಸ್ಥಿರವಾಗಿದೆ ಎಂದೇ ಗ್ರಾಫ್ ತೋರಿಸುತ್ತದೆ. ಅಳತೆಗಳಿಗೆ ಕಸ್ಪ್ ಹೊಂದಿಸುವವರು ಪಕ್ಕದಲ್ಲೇ ಒಂದು ಲಾಜಿಸ್ಟಿಕ್ ರೇಖೆಯನ್ನೂ (ನೆಗೆಯದೆ ನಯವಾಗಿ ಏರುವ S ಆಕಾರದ ಗೆರೆ) ಹೊಂದಿಸಿ, ಯಾವ ಮಾದರಿ ಮೇಲೆಂದು ಅಳೆಯುವ ಎಐಸಿ, ಬಿಐಸಿ ಅಂಕಗಳನ್ನು ಹೋಲಿಸಬೇಕು. ಬಿಂದುಗಳಲ್ಲಿ ಕನಿಷ್ಠ ಶೇ 10ರಷ್ಟಾದರೂ ಎರಡು ನೆಲೆಗಳ ಪ್ರದೇಶದೊಳಗೆ ಬೀಳದಿದ್ದರೆ ಲಾಜಿಸ್ಟಿಕ್ ರೇಖೆಯನ್ನೇ ಇಟ್ಟುಕೊಳ್ಳಿ.